ಜಿಲ್ಲಾವಾರು ಫಲಿತಾಂಶದಲ್ಲಿ ಮಲೆನಾಡು ಎಲ್ಲಿದೆ?

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿದ್ದ ಎರಡು ದಿನಗಳ ಶಿಬಿರದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಮಣ್ಣು, ಗೊಬ್ಬರ, ಎಲೆಚುಕ್ಕಿ ರೋಗ ಇವುಗಳ ಬಗ್ಗೆ ಮಾತನಾಡುವವನನ್ನು ಕರೆದು ಚುನಾವಣಾ ಫಲಿತಾಂಶದ ಕುರಿತು ಮಾತನಾಡಿ ಎಂದಿದ್ದೀರಿ. ನಾನು ರಾಜಕೀಯ ಶಾಸ್ತ್ರ ಓದಿದವನಲ್ಲ. ಆದರೆ ಅಂಕಿ ಅಂಶಗಳ ಕೋಷ್ಟಕ ಮುಂದಿಟ್ಟರೆ ಅದರಲ್ಲಿ ಯಾವುದು ಕಾಣುತ್ತದೆ, ಯಾವುದು ಮರೆಯಾಗುತ್ತದೆ ಎಂದು ನೋಡುವುದು ನನ್ನ ವೃತ್ತಿಯ ಅಭ್ಯಾಸ. ಯಾವ ಪಕ್ಷ ಗೆದ್ದಿತೆಂದು ಹಿಗ್ಗುವುದಕ್ಕಾಗಲೀ ಕುಗ್ಗುವುದಕ್ಕಾಗಲೀ ನಾನು ಇಲ್ಲಿ ನಿಂತಿಲ್ಲ. ಈ ಸಭೆಯಲ್ಲಿ ಎಲ್ಲ ಪಕ್ಷಗಳಿಗೂ ಮತ ಹಾಕಿದವರು ಕುಳಿತಿದ್ದೀರಿ ಎಂಬುದು ನನಗೆ ಗೊತ್ತು.

2023ರ ಮೇ 13, ಶನಿವಾರ. ವಿಧಾನಸಭಾ ಚುನಾವಣೆಯ ಮತ ಎಣಿಕೆಯ ದಿನ. ದೂರದರ್ಶನದ ಪರದೆಯ ಮೇಲೆ ಕರ್ನಾಟಕದ ಭೂಪಟ. ಒಂದೊಂದು ಜಿಲ್ಲೆಗೂ ಒಂದೊಂದು ಬಣ್ಣ. ಸಂಜೆಯ ಹೊತ್ತಿಗೆ ನಮ್ಮ ಚಿಕ್ಕಮಗಳೂರು ಜಿಲ್ಲೆ ಪೂರ್ತಿ ಒಂದೇ ಬಣ್ಣಕ್ಕೆ ತಿರುಗಿತ್ತು: ಐದಕ್ಕೆ ಐದೂ ಕಾಂಗ್ರೆಸ್. 2018ರಲ್ಲಿ ಇದೇ ಜಿಲ್ಲೆಯಲ್ಲಿ ಬಿಜೆಪಿಗೆ ನಾಲ್ಕು, ಕಾಂಗ್ರೆಸ್ಸಿಗೆ ಒಂದು ಸ್ಥಾನವಿತ್ತು. ನಮ್ಮ ಜಗಲಿಯಲ್ಲಿ ಕುಳಿತಿದ್ದ ಪಕ್ಕದ ಮನೆಯ ಹಿರಿಯರು ಎಲ್ಲವನ್ನೂ ನೋಡಿ ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿದರು: "ಅಲ್ಲ ತಮ್ಮಾ, ಜಿಲ್ಲೆ ಆಯ್ತು. ನಮ್ ಹೋಬಳಿ ಯಾರಿಗೆ ಹಾಕ್ತು?" ನನ್ನ ಬಳಿ ಉತ್ತರವಿರಲಿಲ್ಲ. ಇಂದಿನ ನನ್ನ ಮಾತೆಲ್ಲ ಆ ಪ್ರಶ್ನೆಯಿಂದ ಹೊರಟಿದ್ದು.

ನಮ್ಮ ಇಲಾಖೆಗಳಲ್ಲಿ 'ಜಿಲ್ಲೆಯ ಸರಾಸರಿ ಮಳೆ' ಎಂಬ ಅಂಕಣವೊಂದಿದೆ. ಕಡೂರಿನಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬಿದ್ದರೆ ಅದೊಂದು ಒಳ್ಳೆಯ ವರ್ಷ. ಅದೇ ಜಿಲ್ಲೆಯ ಶೃಂಗೇರಿ, ಕೊಪ್ಪದ ಕಡೆ ಅದರ ಹಲವು ಪಟ್ಟು ಸುರಿಯುತ್ತದೆ. ಎರಡನ್ನೂ ಕೂಡಿಸಿ ಭಾಗಿಸಿದರೆ ಬರುವ ಸಂಖ್ಯೆಯಷ್ಟು ಮಳೆ ಈ ಎರಡು ಊರುಗಳಲ್ಲಿ ಯಾವುದರಲ್ಲಿಯೂ ಬೀಳುವುದಿಲ್ಲ. ಆ ಸಂಖ್ಯೆಯನ್ನು ನಂಬಿ ಕಡೂರಿನವರು ಭತ್ತ ನಾಟಿ ಮಾಡಬಾರದು, ನಾವು ಔಷಧಿ ಹೊಡೆಯುವ ದಿನ ಗೊತ್ತುಮಾಡಬಾರದು. ಜಿಲ್ಲಾವಾರು ಚುನಾವಣಾ ಫಲಿತಾಂಶವೂ ಬಹುಮಟ್ಟಿಗೆ ಇಂತಹುದೇ ಅಂಕಣ.

'ಐದಕ್ಕೆ ಐದು' ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ. ಶೃಂಗೇರಿ ಕ್ಷೇತ್ರದಲ್ಲಿ ಅಂದು ಘೋಷಿತವಾದ ಗೆಲುವಿನ ಅಂತರ 201 ಮತ. ಮೂಡಿಗೆರೆಯಲ್ಲಿ 722. ಮೂಡಿಗೆರೆಯಲ್ಲಂತೂ ಹಿಂದಿನ ಶಾಸಕರೇ ಪಕ್ಷ ಬದಲಿಸಿ ನಿಂತು, ಗೆಲುವಿನ ಅಂತರದ ಹಲವು ಪಟ್ಟು ಮತಗಳನ್ನು ಪಡೆದಿದ್ದರು. ಶೃಂಗೇರಿಯಲ್ಲಿ 101 ಜನ, ಮೂಡಿಗೆರೆಯಲ್ಲಿ 362 ಜನ, ಒಟ್ಟು 463 ಜನ ಗೆದ್ದವರ ಬದಲು ಎರಡನೆಯವರಿಗೆ ಮತ ನೀಡಿದ್ದರೆ ಜಿಲ್ಲೆಯ ಫಲಿತಾಂಶ 3-2 ಆಗುತ್ತಿತ್ತು. ಮರುದಿನದ ಪತ್ರಿಕೆಗಳಲ್ಲಿ 'ಕಾಫಿ ನಾಡಿನ ತೀರ್ಪು' ಎಂದೆಲ್ಲ ದೊಡ್ಡ ಶೀರ್ಷಿಕೆಗಳಿದ್ದವು. ನಮ್ಮಲ್ಲಿ ಒಂದು ಮದುವೆಗೆ ಇದಕ್ಕಿಂತ ಹೆಚ್ಚು ಜನ ಸೇರುತ್ತಾರೆ.

ಇಂದು ಕೆಲವರು ಹಾಸನದ ಕಡೆಯಿಂದಲೂ ಬಂದಿದ್ದೀರಿ. ನಿಮ್ಮ ಜಿಲ್ಲೆಯದು ಇದಕ್ಕೆ ಪೂರಕವಾದ ಇನ್ನೊಂದು ಉದಾಹರಣೆ. ಏಳು ಸ್ಥಾನಗಳಲ್ಲಿ ಜೆಡಿಎಸ್ ನಾಲ್ಕು, ಬಿಜೆಪಿ ಎರಡು, ಕಾಂಗ್ರೆಸ್ ಒಂದು. ಕೋಷ್ಟಕ ನೋಡಿದವರು 'ಹಾಸನ ಜೆಡಿಎಸ್ ಜೊತೆ ಉಳಿಯಿತು' ಎಂದು ಬರೆದುಕೊಳ್ಳುತ್ತಾರೆ. ಆದರೆ ಬಿಜೆಪಿ ಗೆದ್ದ ಆ ಎರಡು ಕ್ಷೇತ್ರಗಳು ಯಾವುವು? ಸಕಲೇಶಪುರ ಮತ್ತು ಬೇಲೂರು. ಅಂದರೆ ಜಿಲ್ಲೆಯ ಮಲೆನಾಡು ಮತ್ತು ಅರೆಮಲೆನಾಡು. ಸಕಲೇಶಪುರದ ಅಂತರವೂ ಎರಡು ಸಾವಿರದ ಆಸುಪಾಸು. ಇನ್ನೊಂದು ವಿಚಿತ್ರ ಗಮನಿಸಿ. ಹೇಮಾವತಿ ಮೂಡಿಗೆರೆ ತಾಲ್ಲೂಕಿನಲ್ಲಿ ಹುಟ್ಟಿ ಸಕಲೇಶಪುರಕ್ಕೆ ಇಳಿಯುತ್ತಾಳೆ. ಎರಡೂ ತಾಲ್ಲೂಕುಗಳದ್ದು ಒಂದೇ ಕಾಫಿ, ಒಂದೇ ಮೆಣಸು, ಒಂದೇ ಆನೆಗಳ ಕಾಟ. ಆನೆಗೆ ಜಿಲ್ಲೆಯ ಗಡಿ ಗೊತ್ತಿಲ್ಲ. ಹೀಗಿದ್ದೂ ಗಡಿಯ ಆಚೆ ಒಂದು ಪಕ್ಷ, ಈಚೆ ಇನ್ನೊಂದು. ಆನೆಯ ಸಮಸ್ಯೆಯ ಬಗ್ಗೆ ಬೆಟ್ಟದ ಜನ ಏನು ಹೇಳಿದರು ಎಂದು ಈ ಎರಡು ಫಲಿತಾಂಶಗಳಿಂದ ಯಾರಾದರೂ ತಿಳಿಯಬಲ್ಲರೇ?

ಉಳಿದ ಜಿಲ್ಲೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಕೊಡಗಿನ ಎರಡೂ ಸ್ಥಾನಗಳು 2018ರಲ್ಲಿ ಬಿಜೆಪಿಯವು, 2023ರಲ್ಲಿ ಕಾಂಗ್ರೆಸ್ಸಿನವು. ಎರಡರಲ್ಲೂ ಅಂತರ ಐದು ಸಾವಿರದೊಳಗೆ. ಶಿವಮೊಗ್ಗದ ಏಳರಲ್ಲಿ 2018ರಲ್ಲಿ ಬಿಜೆಪಿ ಆರು, ಕಾಂಗ್ರೆಸ್ ಒಂದು. 2023ರಲ್ಲಿ ಬಿಜೆಪಿ ಮೂರು, ಕಾಂಗ್ರೆಸ್ ಮೂರು, ಜೆಡಿಎಸ್ ಒಂದು. ಉತ್ತರ ಕನ್ನಡದ ಆರರಲ್ಲಿ ಬಿಜೆಪಿ ನಾಲ್ಕರಿಂದ ಎರಡಕ್ಕಿಳಿದು, ಕಾಂಗ್ರೆಸ್ ಎರಡರಿಂದ ನಾಲ್ಕಕ್ಕೇರಿತು. ಅಲ್ಲಿಯೂ ಕುಮಟಾದ ಅಂತರ 676 ಮಾತ್ರ. ಐದು ಜಿಲ್ಲೆಗಳನ್ನು ಕೂಡಿಸಿದರೆ 27 ಸ್ಥಾನ. ಬಿಜೆಪಿ 17ರಿಂದ 7ಕ್ಕೆ, ಕಾಂಗ್ರೆಸ್ 4ರಿಂದ 15ಕ್ಕೆ, ಜೆಡಿಎಸ್ 6ರಿಂದ 5ಕ್ಕೆ.

ಇಷ್ಟು ದೊಡ್ಡ ಪಲ್ಲಟ ಕಂಡಾಗ ಮಲೆನಾಡಿನ ಜನರ ಮನಸ್ಸೇ ಬದಲಾಯಿತು ಎಂದು ತೋರುವುದು ಸಹಜ. ಆದರೆ ಇಡೀ ರಾಜ್ಯದಲ್ಲಿ ಬಿಜೆಪಿಯ ಮತ ಪ್ರಮಾಣ 2018ರಲ್ಲಿಯೂ 2023ರಲ್ಲಿಯೂ ಶೇ. 36ರ ಆಸುಪಾಸಿನಲ್ಲಿಯೇ ಇತ್ತು. ಸ್ಥಾನಗಳು ಮಾತ್ರ 104ರಿಂದ 66ಕ್ಕೆ ಇಳಿದವು. ಜೆಡಿಎಸ್ ಶೇ. 18ರಿಂದ 13ಕ್ಕೆ ಕುಸಿದದ್ದು, ಕಾಂಗ್ರೆಸ್ ಶೇ. 38ರಿಂದ ಸುಮಾರು 43ಕ್ಕೆ ಏರಿದ್ದು ಆಟವನ್ನು ಬದಲಿಸಿತು. ವಿದ್ಯಾರ್ಥಿಗಳು ಇದನ್ನು ಬರೆದಿಟ್ಟುಕೊಳ್ಳಿ: ಸ್ಥಾನದ ಲೆಕ್ಕ ಬೇರೆ, ಮತದ ಲೆಕ್ಕ ಬೇರೆ.

ನಮ್ಮ ಚಳವಳಿಯ ಮಿತ್ರರು ನನ್ನನ್ನು ಆಗಾಗ ಕೇಳುವ ಪ್ರಶ್ನೆಯೊಂದಿದೆ: ಈ ಫಲಿತಾಂಶ ಪಶ್ಚಿಮಘಟ್ಟದ ವರದಿಗಳ ಬಗ್ಗೆ ಜನರ ಅಭಿಪ್ರಾಯವೇ? ಅಲ್ಲ ಎಂದೇ ನನ್ನ ಉತ್ತರ. ಕಸ್ತೂರಿರಂಗನ್ ವರದಿಯ ಆಧಾರದ ಮೇಲೆ ಕೇಂದ್ರವು 2014ರಿಂದ 2024ರ ಜುಲೈವರೆಗೆ ಆರು ಕರಡು ಅಧಿಸೂಚನೆ ಹೊರಡಿಸಿತು. ಕರ್ನಾಟಕದ 20,668 ಚದರ ಕಿಲೋಮೀಟರ್ ಪ್ರದೇಶ ಅದರಲ್ಲಿದೆ. ರಾಜ್ಯದಲ್ಲಿ ಸರ್ಕಾರ ಯಾವ ಪಕ್ಷದ್ದಾಗಿದ್ದರೂ ವಿರೋಧವೇ ಬಂದಿತು. ಮತ ಕೇಳಲು ಬಂದವರೆಲ್ಲ ಒಂದೇ ಮಾತನ್ನಾಡಿದ ಮೇಲೆ ಮತಪತ್ರದಲ್ಲಿ ಆ ಪ್ರಶ್ನೆ ಇರಲೇ ಇಲ್ಲ ಎಂದಾಯಿತು. ಕೇಳದ ಪ್ರಶ್ನೆಗೆ ಉತ್ತರವನ್ನು ಫಲಿತಾಂಶದಲ್ಲಿ ಹುಡುಕುವುದು ನಮ್ಮದೇ ತಪ್ಪು.

ಇನ್ನು ನನ್ನನ್ನು ನಿಜವಾಗಿ ಕಾಡುತ್ತಿರುವ ವಿಷಯಕ್ಕೆ ಬರುತ್ತೇನೆ. ಈಗ ಹೇಳಿದೆನಲ್ಲ, ಐದು ಜಿಲ್ಲೆಗಳಿಂದ 27 ಸ್ಥಾನ ಎಂದು. ಬೆಂಗಳೂರು ನಗರ ಜಿಲ್ಲೆ ಒಂದರಲ್ಲೇ 28 ಸ್ಥಾನಗಳಿವೆ. ಕಾರವಾರದ ಕಡಲಿನಿಂದ ಕುಟ್ಟದವರೆಗಿನ ಬೆಟ್ಟ, ಕಣಿವೆ, ನದೀಮೂಲಗಳ ಜೊತೆಗೆ ಕಡೂರು, ಅರಸೀಕೆರೆಯ ಬಯಲನ್ನು ಸೇರಿಸಿದರೂ ಆ ಒಂದು ಜಿಲ್ಲೆಗೆ ನಾವು ಸಮನಲ್ಲ.

ಮೊದಲು ಹೀಗಿರಲಿಲ್ಲ. 2008ರ ಚುನಾವಣೆಗೆ ಮುನ್ನ ಈ ಐದು ಜಿಲ್ಲೆಗಳಲ್ಲಿ 31 ಕ್ಷೇತ್ರಗಳಿದ್ದವು. 2001ರ ಜನಗಣತಿಯನ್ನು ಆಧರಿಸಿದ ಮರುವಿಂಗಡಣೆಯಲ್ಲಿ ಕೊಡಗಿನ ಸೋಮವಾರಪೇಟೆ, ಚಿಕ್ಕಮಗಳೂರಿನ ಬೀರೂರು, ಹಾಸನದ ಗಂಡಸಿ, ಶಿವಮೊಗ್ಗದ ಹೊಸನಗರ ಕ್ಷೇತ್ರಗಳು ಇಲ್ಲವಾದವು. ಹೊಸನಗರದ ಕಥೆ ಇನ್ನೂ ಕಹಿಯಾದುದು. ಶರಾವತಿಯ ಲಿಂಗನಮಕ್ಕಿ ಜಲಾಶಯ ಮತ್ತಿತರ ಯೋಜನೆಗಳಿಗೆ ಊರು, ಗದ್ದೆಗಳನ್ನು ಒಪ್ಪಿಸಿದ ತಾಲ್ಲೂಕು ಅದು. ಊರು ಮುಳುಗಿದ ಮೇಲೆ ಜನ ಚದುರಿದರು. ಜನ ಚದುರಿದ ನಾಡಿಗೆ ಲೆಕ್ಕ ಕಡಿಮೆಯಾಯಿತು. ಕೊನೆಗೆ ಕ್ಷೇತ್ರವನ್ನು ಕಡಿದು ಸಾಗರ ಮತ್ತು ತೀರ್ಥಹಳ್ಳಿಗಳಿಗೆ ಹಂಚಲಾಯಿತು. ನಾಡಿಗೆ ಬೆಳಕು ಕೊಟ್ಟ ತಾಲ್ಲೂಕಿಗೆ ತನ್ನದೆಂಬ ಶಾಸಕರಿಲ್ಲ.

ಆ ಮರುವಿಂಗಡಣೆ ನಡೆಯುವಾಗ ನಾನು ಸಂಶೋಧನಾ ವಿದ್ಯಾರ್ಥಿ. ಪತ್ರಿಕೆಯಲ್ಲಿ ಸುದ್ದಿ ಓದಿ ಪುಟ ಮಗುಚಿದ್ದು ನೆನಪಿದೆ. ಕರಡು ಪ್ರಸ್ತಾವವನ್ನು ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು, ಬಹಿರಂಗ ಸಭೆ ನಡೆಸಬೇಕು ಎಂದು 2002ರ ಮರುವಿಂಗಡಣೆ ಕಾಯ್ದೆಯಲ್ಲಿಯೇ ಇತ್ತು. ಕ್ಷೇತ್ರ ರಚಿಸುವಾಗ ಭೌಗೋಳಿಕ ಲಕ್ಷಣ, ಸಂಪರ್ಕ ಸೌಲಭ್ಯ, ಜನರ ಅನುಕೂಲಗಳನ್ನು ಗಮನಿಸಬೇಕೆಂದೂ ಇತ್ತು. ಬೆಟ್ಟದವರು ಹಿಡಿಯಬಹುದಾಗಿದ್ದ ಕೊಂಬೆ ಅದು. ನಮ್ಮ ಊರಿನಿಂದ ಒಂದು ಅರ್ಜಿಯೂ ಹೋಗಲಿಲ್ಲ. ನಾನೂ ಬರೆಯಲಿಲ್ಲ.

ಮುಂದೇನು? 2011ರ ಜನಗಣತಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ ಹತ್ತು ವರ್ಷ ಹಿಂದಿನದಕ್ಕಿಂತ ಕಡಿಮೆಯಾಗಿತ್ತು: 11.41 ಲಕ್ಷದಿಂದ 11.38 ಲಕ್ಷಕ್ಕೆ. ಕೊಡಗು 5.48ರಿಂದ 5.54 ಲಕ್ಷಕ್ಕೆ ತೆವಳಿತು. ಅದೇ ಅವಧಿಯಲ್ಲಿ ಬೆಂಗಳೂರು ನಗರ ಜಿಲ್ಲೆ 65 ಲಕ್ಷದಿಂದ 96 ಲಕ್ಷಕ್ಕೆ ಜಿಗಿಯಿತು. ವಿಧಾನಸಭೆಯ ಒಟ್ಟು ಸ್ಥಾನ 224 ಆಗಿಯೇ ಉಳಿದು, ಬರೀ ಜನಸಂಖ್ಯೆಯ ಮೇಲೆ ಹಂಚಿದರೆ ಏನಾಗುತ್ತದೆಂದು 2011ರ ಅಂಕಿಗಳನ್ನೇ ಇಟ್ಟುಕೊಂಡು ಲೆಕ್ಕ ಹಾಕಿದೆ. ಸ್ಥಾನವೊಂದಕ್ಕೆ ಸುಮಾರು 2.73 ಲಕ್ಷ ಜನ. ನಮ್ಮ ಐದು ಜಿಲ್ಲೆಗಳ ಪಾಲು 24ರಷ್ಟು, ಬೆಂಗಳೂರಿನದು 35. ಚಿಕ್ಕಮಗಳೂರಿಗೆ ನಾಲ್ಕು. ಇದು ನನ್ನ ಕೂಡು-ಕಳೆಯ ಲೆಕ್ಕವೇ ಹೊರತು ಯಾವ ಆಯೋಗದ್ದೂ ಅಲ್ಲ. 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟುಕೊಂಡು ಜನಗಣತಿ ನಡೆಸಲು 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಟಿದೆ. ಹೊಸ ಅಂಕಿಗಳು ನಮಗೆ ಇನ್ನಷ್ಟು ಪ್ರತಿಕೂಲವಾಗಿರುತ್ತವೆ ಎಂಬುದೇ ನನ್ನ ಊಹೆ. ಏಕೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ನಮ್ಮ ಮನೆಗಳಲ್ಲಿ ಉಳಿದಿರುವವರ ವಯಸ್ಸೇ ಅದನ್ನು ಹೇಳುತ್ತದೆ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಮತ ಹಾಕಲು ರಾತ್ರಿ ಬಸ್ಸು ಹತ್ತಿ ಊರಿಗೆ ಬರುವವರೂ ಇದ್ದಾರೆ. ಆದರೆ ಗಣತಿಯವರು ಅವರನ್ನು ಎಣಿಸುವುದು ಅವರು ವಾಸವಾಗಿರುವಲ್ಲಿ.

ಜನಕ್ಕೆ ತಕ್ಕಂತೆ ಪ್ರತಿನಿಧಿ ಎಂಬ ತತ್ವವನ್ನು ನಾನು ಅಲ್ಲಗಳೆಯುತ್ತಿಲ್ಲ. ಬೆಂಗಳೂರಿನ ಕೂಲಿಕಾರನ ಮತಕ್ಕೂ ನನ್ನ ಮತಕ್ಕೂ ಒಂದೇ ಬೆಲೆ ಇರಬೇಕು. ಆದರೆ ಎತ್ತಿನಹೊಳೆಯನ್ನು ನೋಡಿ. ಸಕಲೇಶಪುರದ ಹಳ್ಳಗಳ ನೀರನ್ನು ಕೋಲಾರ, ಚಿಕ್ಕಬಳ್ಳಾಪುರ ಮೊದಲಾದ ಜಿಲ್ಲೆಗಳಿಗೆ ಒಯ್ಯುವ ಯೋಜನೆ. ಅದರ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಉದ್ಘಾಟನೆಗೊಂಡಿತು. ಕೋಲಾರ, ಚಿಕ್ಕಬಳ್ಳಾಪುರಗಳಿಂದ ವಿಧಾನಸಭೆಗೆ 11 ಶಾಸಕರು, ಸಕಲೇಶಪುರದಿಂದ ಒಬ್ಬರು. ಕೋಲಾರದ ರೈತರ ಬಾಯಾರಿಕೆ ಸುಳ್ಳಲ್ಲ. ಅಲ್ಲಿಯ ಕೊಳವೆಬಾವಿಗಳ ಆಳವನ್ನು ನಾನು ಕಣ್ಣಾರೆ ಕಂಡವನು. ಆದರೂ ಹಳ್ಳದ ದಡದಲ್ಲಿ ನಿಂತವರ ಮಾತು ಸದನದಲ್ಲಿ ಹನ್ನೊಂದಕ್ಕೆ ಒಂದು ಎಂಬುದನ್ನು ಮರೆಯಲಾಗದು.

ಹೋಬಳಿಯ ಪ್ರಶ್ನೆಗೆ ಮರಳುತ್ತೇನೆ. ಚುನಾವಣೆ ಮುಗಿದ ಮೇಲೆ ಪ್ರತಿ ಕ್ಷೇತ್ರಕ್ಕೂ 'ನಮೂನೆ 20' ಎಂಬ ಅಂತಿಮ ಫಲಿತಾಂಶ ಪಟ್ಟಿ ಸಿದ್ಧವಾಗುತ್ತದೆ. ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಮತ ಎಂಬುದು ಅದರಲ್ಲಿರುತ್ತದೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಅಂತರ್ಜಾಲ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಇಬ್ಬರು ವಿದ್ಯಾರ್ಥಿಗಳೊಂದಿಗೆ ಕುಳಿತು ನಮ್ಮ ಹೋಬಳಿಯ ಮತಗಟ್ಟೆಗಳನ್ನು ಬಿಳಿ ಹಾಳೆಯಲ್ಲಿ ಬರೆದು ಕೂಡಿಸಿದೆವು. ಎರಡು ಸಂಜೆಯ ಕೆಲಸ. ಹಿರಿಯರಿಗೆ ಉತ್ತರ ಸಿಕ್ಕಿತು. ಅವರು ಅದನ್ನು ಒಪ್ಪಲಿಲ್ಲ ಎಂಬುದು ಬೇರೆ ಮಾತು!

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಬೆಟ್ಟದ ಮತಗಟ್ಟೆಗಳು ಚಿಕ್ಕವು. ಮೂರ್ನಾಲ್ಕು ನೂರು ಮತದಾರರ ಮತಗಟ್ಟೆಯ ಲೆಕ್ಕ ಬಯಲಾದರೆ, ಯಾವ ಊರು ಯಾರ ಕಡೆ ಎಂಬ ಗುಟ್ಟು ಉಳಿಯುವುದಿಲ್ಲ. ಗೆದ್ದವರು ಆ ಪಟ್ಟಿ ಹಿಡಿದು ರಸ್ತೆ, ಕಾಲುಸಂಕ ಹಂಚುವುದಕ್ಕೆ ಹೊರಟರೆ ನಷ್ಟ ನಮ್ಮದೇ. ಮತಪತ್ರದ ಕಾಲದಲ್ಲಿ ಹಲವು ಮತಗಟ್ಟೆಗಳ ಮತಗಳನ್ನು ಬೆರೆಸಿ ಎಣಿಸಲು ನಿಯಮದಲ್ಲೇ ಅವಕಾಶವಿತ್ತು. ಯಂತ್ರಗಳ ಮತವನ್ನೂ ಹೀಗೆ ಒಟ್ಟುಗೂಡಿಸುವ ಸಾಧನ ಬಳಸೋಣವೆಂದು ಚುನಾವಣಾ ಆಯೋಗ 2008ರಲ್ಲಿ ಪ್ರಸ್ತಾಪಿಸಿತು, ಕಾನೂನು ಆಯೋಗ 2015ರಲ್ಲಿ ಬೆಂಬಲಿಸಿತು. ಅದು ಜಾರಿಗೆ ಬರಲಿಲ್ಲ. ಆದ್ದರಿಂದ ನಾವು ಮಾಡುವ ಪಟ್ಟಿಯಲ್ಲಿ ಮತಗಟ್ಟೆಯ ಹೆಸರು ಬೇಡ. ಹೋಬಳಿಯ ಮೊತ್ತ ಮಾತ್ರ ಸಾಕು.

ನಾನು ಕೇಳಿಕೊಳ್ಳುವುದಿಷ್ಟು. ಪ್ರತಿ ತಾಲ್ಲೂಕಿನಿಂದ ಇಬ್ಬರು ವಿದ್ಯಾರ್ಥಿಗಳು 2018 ಮತ್ತು 2023ರ ನಮೂನೆ 20ನ್ನು ಹೋಬಳಿವಾರು ಕೂಡಿಸಿ ತರಲಿ. ಹಿರಿಯರು ತಮ್ಮ ಹೋಬಳಿಯಿಂದ ತಾಲ್ಲೂಕು ಕೇಂದ್ರಕ್ಕೆ ಮಳೆಗಾಲದಲ್ಲಿ ಎಷ್ಟು ಹೊತ್ತಿನ ದಾರಿ, ಯಾವ ಸೇತುವೆ ಮುಳುಗುತ್ತದೆ, ಎಷ್ಟು ದಿನ ಸಂಪರ್ಕ ಕಡಿಯುತ್ತದೆ ಎಂದು ಬರೆದುಕೊಡಲಿ. ಮುಂದಿನ ಮರುವಿಂಗಡಣೆಯ ಕರಡು ಬಂದ ದಿನ ಹುಡುಕಾಡುವಂತಾಗಬಾರದು. ಆಕ್ಷೇಪಣೆಯ ಅರ್ಜಿಗೆ ಬೇಕಾದ ಸಾಮಗ್ರಿ ನಮ್ಮ ಕಡತದಲ್ಲಿ ಸಿದ್ಧವಾಗಿರಬೇಕು. ಹಾಳೆಗಳನ್ನು ತಂದಿದ್ದೇನೆ, ಹಿಂದಿನ ಮೇಜಿನ ಮೇಲಿವೆ. ಹೊಸನಗರದಿಂದ ಬಂದವರು ಮೊದಲು ತೆಗೆದುಕೊಳ್ಳಿ.