ಮೀಟರಿನ 85 ನಿಜವಾಗಿ ಎಷ್ಟು?

ವರ್ಕ್‌ಶಾಪ್, ಜನರೇಟರ್ ರೂಮು, ಸ್ಟೀಲ್ ಯಾರ್ಡುಗಳಿಂದ ಡ್ಯೂಟಿ ಮುಗಿಸಿ ಬಂದ ಸಹೋದರರೇ,

ಕೈಗೆ ಪೆಟ್ಟಾದರೆ ಕೂಡಲೇ ಗೊತ್ತಾಗುತ್ತದೆ. ಕಿವಿಗೆ ಶಬ್ದದಿಂದ ಆಗುವ ಪೆಟ್ಟು ಹಾಗಲ್ಲ. ರಕ್ತ ಬರುವುದಿಲ್ಲ, ಹೆಚ್ಚಾಗಿ ನೋವೂ ಇರುವುದಿಲ್ಲ. ಮೊದಲು ಹೋಗುವುದು ತೆಳು ಸ್ವರಗಳು. ಊರಿಂದ ಮಕ್ಕಳು ಫೋನಿನಲ್ಲಿ ಮಾತಾಡುವುದು ಕೇಳುತ್ತದೆ, ಏನು ಹೇಳಿದರು ಅಂತ ತಿಳಿಯುವುದಿಲ್ಲ. ಹೀಗೆ ಶಾಶ್ವತವಾಗಿ ಹೋದದ್ದನ್ನು ಯಾವ ಮದ್ದೂ ಮರಳಿ ತರುವುದಿಲ್ಲ. ಅದಕ್ಕೇ ನಾವು ಶಬ್ದವನ್ನು ಅಳೆಯಲು ಕಲಿಯಬೇಕು.

ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕ ಸುಲಭ. 85 ಡೆಸಿಬಲ್‌ನಲ್ಲಿ ದಿನಕ್ಕೆ 8 ಗಂಟೆ. ಪ್ರತಿ 3 ಡೆಸಿಬಲ್ ಏರಿದಂತೆ ಸಮಯ ಅರ್ಧ: 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ಓವರ್‌ಟೈಮ್ ಸೇರಿ 12 ಗಂಟೆ ನಿಂತರೆ ಮಿತಿ ಸುಮಾರು 83ಕ್ಕೆ ಇಳಿಯುತ್ತದೆ.

ಈಗ ಮೀಟರಿನ ವಿಷಯ. ಅರ್ಧ ಕಿಲೋ ಕಲ್ಲು ಮಾತ್ರ ಇರುವ ತಕ್ಕಡಿಯಲ್ಲಿ ಮೀನು ತೂಗಿದ ಹಾಗೆ, ಕೆಲವು ಅಳತೆಗಳು ಐದೈದರ ಮೆಟ್ಟಿಲಲ್ಲೇ ಸಿಗುತ್ತವೆ. ಮೀಟರ್ ಸರಿಯಾಗಿದ್ದರೂ, ರಿಜಿಸ್ಟರಿನಲ್ಲಿ ಹತ್ತಿರದ 5ಕ್ಕೆ ಸರಿಮಾಡಿ ಬರೆದರೆ ಅದೂ ಅಷ್ಟೇ. ಅಲ್ಲಿ 85 ಅಂದರೆ 82.5ರಿಂದ 87.5ರ ನಡುವೆ ಎಲ್ಲಿಯೂ ಇರಬಹುದು. ಕೆಳಗಿನ ತುದಿಯಲ್ಲಿ 14 ಗಂಟೆ ನಿಲ್ಲಬಹುದು, ಮೇಲಿನ ತುದಿಯಲ್ಲಿ ನಾಲ್ಕೂವರೆ ಗಂಟೆ ಮಾತ್ರ! ಕಾಗದದಲ್ಲಿ ಮಾತ್ರ ಎರಡೂ ಒಂದೇ 85.

ಹಾಗಾದರೆ ಏನು ಮಾಡುವುದು? ಒಂದು ಸಲ ನೋಡಿ ಬಿಡಬಾರದು. ಕೆಲಸ ನಡೆಯುವಾಗ, ನಮ್ಮ ಕಿವಿಯ ಹತ್ತಿರವೇ ಹಿಡಿದು, 20 ಸಲ ನೋಡಿ ಬರೆಯಬೇಕು. ಶಬ್ದ ಸ್ವಲ್ಪ ಏರಿಳಿಯುವುದರಿಂದ ಅಂಕಿಯೂ ಮೆಟ್ಟಿಲು ದಾಟುತ್ತದೆ. 14 ಸಲ 85, 6 ಸಲ 90 ಬಂತು ಅಂತ ಇಟ್ಟುಕೊಳ್ಳಿ. ನಿಜವಾದ ಮಟ್ಟ ಸುಮಾರು 87. ಅಂದರೆ 8 ಗಂಟೆ ಅಲ್ಲ, 5 ಗಂಟೆ. ಅಂಕಿ ಅಲುಗಾಡದೆ 85ರಲ್ಲೇ ನಿಂತರೆ, ಮೇಲಿನ ತುದಿ 87.5 ಅಂತಲೇ ಹಿಡಿಯುವುದು ಕ್ಷೇಮ. ಮೀಟರಿನ ಕೊನೆಯ ಮೆಟ್ಟಿಲಿಗೇ ಅಂಟಿಕೊಂಡಿದ್ದರೆ ಅದರ ಮೇಲೆ ಎಷ್ಟಿದೆಯೋ ಮೀಟರ್ ಹೇಳಲಾರದು. ಅಲ್ಲಿ ಬೇರೆ ಮೀಟರ್ ಬೇಕು.

ಇನ್ನೊಂದು ಎಚ್ಚರಿಕೆ. ಡೆಸಿಬಲ್‌ಗಳನ್ನು ಸಂಬಳದ ಹಾಗೆ ಕೂಡಿಸಿ ಭಾಗಿಸಬಾರದು. ಅರ್ಧ ದಿನ 80, ಅರ್ಧ ದಿನ ಗ್ರೈಂಡರ್ ಹತ್ತಿರ 100 ಇದ್ದರೆ ಸರಾಸರಿ 90 ಅಲ್ಲ, 97. ಜೋರು ಶಬ್ದವೇ ಲೆಕ್ಕವನ್ನು ನುಂಗಿಬಿಡುತ್ತದೆ.

ಮೀಟರೇ ಇಲ್ಲವೆಂದರೆ ನಮ್ಮ ಗಂಟಲು ಇದೆ. ಕೈಯಳತೆ ದೂರದಲ್ಲಿ ನಿಂತವನ ಜೊತೆ ಮಾತಾಡಲು ಸ್ವರ ಏರಿಸಬೇಕಾದರೆ ಅಲ್ಲಿ 85 ದಾಟಿರುವ ಸಂಭವ ಹೆಚ್ಚು. ಇದೂ ಅಳತೆಯೇ, ಮೆಟ್ಟಿಲು ಸ್ವಲ್ಪ ದೊಡ್ಡದು ಅಷ್ಟೆ.

ಆದ್ದರಿಂದ ನಾಳೆಯಿಂದ ಸಮಯ, ಜಾಗ, ಅಂಕಿ ಮೂರನ್ನೂ ಒಂದು ಚೀಟಿಯಲ್ಲಿ ಬರೆಯೋಣ. ಇಯರ್‌ಪ್ಲಗ್ ಕೇಳುವಾಗ ಬರಿ ಬಾಯಿಮಾತು ಸಾಲದು, ಆ ಚೀಟಿ ಸೇಫ್ಟಿ ಆಫೀಸರರ ಮೇಜಿನ ಮೇಲಿರಲಿ. ದುಡಿಯಲು ಬಂದ ನಾವು ಊರಿಗೆ ಮರಳುವಾಗ ಮಸೀದಿಯ ಬಾಂಗ್ ಸ್ಪಷ್ಟವಾಗಿ ಕೇಳುವ ಕಿವಿಯೊಂದಿಗೇ ಮರಳುವಂತಾಗಲಿ, ಇನ್‌ಶಾ ಅಲ್ಲಾಹ್.