ಎರಡು ನುಡಿಯ ಮಗು

(ಶತಮಾನೋತ್ಸವದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ನೂರು ವರುಷ ತುಂಬಿದ ಶಾಲೆಯ ಸಂಭ್ರಮದಲ್ಲಿ ಅದರ ಅತಿ ಕಿರಿಯ ಮಗುವನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ನಾವು ಬಯಸಿದ್ದೇವೆ. ಕವಲಾಪುರದ ಸುತ್ತಿನ ಈ ಸೀಮೆಯಲ್ಲಿ ಕನ್ನಡ ಶಾಲೆಗೆ ಬರುವ ಮಗು ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ ಆಡುತ್ತ ಬೆಳೆದಿರುತ್ತದೆ. ಕೆಲವು ಮನೆಗಳಲ್ಲಿ ತಾಯಿಯದೊಂದು ನುಡಿ, ತಂದೆಯದೊಂದು ನುಡಿ. ಶಾಲೆಯ ಹೊಸ್ತಿಲು ದಾಟುವ ತನಕ ತಾನು ಬೇರೆ ಎಂಬ ಅರಿವು ಆ ಮಗುವಿಗೆ ಇರುವುದಿಲ್ಲ. ಆ ಅರಿವನ್ನು ಮೂಡಿಸುವುದು ಬಹುಮಟ್ಟಿಗೆ ಒಂದು ನಗೆ.

ಶಿಕ್ಷಕರಾದ ನಾವು ನಮ್ಮದೊಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಹಿಂದೊಮ್ಮೆ ನಮ್ಮ ತರಗತಿಯಲ್ಲಿ ಹುಡುಗನೊಬ್ಬ 'ಕೊಡು' ಎಂಬುದನ್ನು 'ಕೋಡು' ಎಂದು ಓದಿದ. ಮಕ್ಕಳು ನಕ್ಕರು, ನಾವೂ ನಕ್ಕೆವು. ಮರುದಿನದಿಂದ ಅವನು ಗಟ್ಟಿಯಾಗಿ ಓದುವುದನ್ನೇ ಬಿಟ್ಟ. ಹಾಜರಿ ಕರೆದಾಗಲೂ ಕೈ ಎತ್ತುತ್ತಿದ್ದನೇ ಹೊರತು ಬಾಯಿ ತೆರೆಯುತ್ತಿರಲಿಲ್ಲ. ಅವನನ್ನು ದಡ್ಡನೆಂದು ಎಣಿಸಿದೆವು. ಅವನ ತಾಯಿಯ ಮಾತು ಮರಾಠಿ ಎಂಬುದನ್ನು ಎಣಿಸಲಿಲ್ಲ. ಮರಾಠಿಯಲ್ಲಿ ಹ್ರಸ್ವ ಎ, ಒ ಗಳಿಗೆ ಬೇರೆ ಅಕ್ಷರಗಳಿಲ್ಲ. ಕಿವಿಗೆ ರೂಢಿಯಿಲ್ಲದ ಭೇದವನ್ನು ನಾಲಿಗೆ ನುಡಿಯುವುದೆಂತು?

ಕನ್ನಡದ ಮಗುವೂ ಮರಾಠಿಯಲ್ಲಿ ಹೀಗೆಯೇ ಎಡವುತ್ತದೆ. ನಮಗೆ ಕಲ್ಲೂ ರೊಟ್ಟಿಯೂ ನಪುಂಸಕಲಿಂಗ. ಅಲ್ಲಿ ದಗಡ ಪುಲ್ಲಿಂಗ, ಭಾಕರಿ ಸ್ತ್ರೀಲಿಂಗ. ಇದು ಬುದ್ಧಿಯ ಕೊರತೆಯಲ್ಲ, ಎರಡು ನುಡಿಗಳ ಸ್ವಭಾವ.

ಇದು ತಿಳಿದ ಮೇಲೆ ವಾರಕ್ಕೊಂದು ತಾಸು ಆ ಹುಡುಗನನ್ನೇ ಗುರುವಾಗಿಸಿದೆವು. ತರಗತಿಯ ಒಂದೊಂದು ವಸ್ತುವಿನ ಮರಾಠಿ ಲಿಂಗವನ್ನು ಅವನು ಕೇಳುವುದು, ಉಳಿದವರು ಹೇಳುವುದು. ಎಲ್ಲರೂ ತಪ್ಪಿದರು, ನಾವೂ ತಪ್ಪಿದೆವು. ಅವನು ನಗುತ್ತ ತಿದ್ದಿದ. ಎರಡು ತಿಂಗಳ ಮೇಲೆ ತಾನಾಗಿ ಎದ್ದು ಒಂದು ಕನ್ನಡ ಪಾಠವನ್ನು ಓದಿದ. ಅದರಲ್ಲಿ ತಪ್ಪುಗಳಿದ್ದವು, ಯಾರೂ ಹಾಸ್ಯ ಮಾಡಲಿಲ್ಲ.

ಈ ನೆಲದ ಇತಿಹಾಸವೂ ಇದನ್ನೇ ಹೇಳುತ್ತದೆ. ಉತ್ತರ ಕನ್ನಡದ ಭಾಗವತ ಮೇಳವೊಂದು ಸಾಂಗಲಿಗೆ ಬಂದು ಆಟವಾಡಿತು. ಅದನ್ನು ಮೆಚ್ಚಿದ ಸಂಸ್ಥಾನಿಕ ಚಿಂತಾಮಣರಾವ ಪಟವರ್ಧನರ ಪ್ರೋತ್ಸಾಹದಿಂದ ವಿಷ್ಣುದಾಸ ಭಾವೆಯವರು 1843ರಲ್ಲಿ 'ಸೀತಾಸ್ವಯಂವರ'ವನ್ನು ಮರಾಠಿಯಲ್ಲಿ ಆಡಿಸಿದರು. ಮರಾಠಿ ರಂಗಭೂಮಿಯ ಕಥೆ ತೊಡಗುವುದೇ ಅಲ್ಲಿಂದ. ನೆರೆಯ ನುಡಿಯನ್ನು ಕಂಡು ನಗದೆ ಕಲಿತುದರ ಫಲವದು.

1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಒದಗಿಸಬೇಕೆನ್ನುತ್ತದೆ. ಕಾನೂನು ಮಗುವಿಗೆ ಕೂಡ್ರಲು ಸ್ಥಳ ಕೊಟ್ಟೀತು. ಎದ್ದು ನಿಂತು ಮಾತಾಡುವ ಧೈರ್ಯವನ್ನು ನಾವೇ ಕೊಡಬೇಕು.

ಆದುದರಿಂದ ಪಾಲಕರಲ್ಲಿ ನಮ್ಮ ಬಿನ್ನಹವಿಷ್ಟೆ. ಬಂದವರ ಮುಂದೆ "ನಮ್ಮ ಹುಡುಗ ಮುಜುಗರದವ" ಎನ್ನಬೇಡಿರಿ. ಮಗು ಆ ಮಾತನ್ನೇ ತನ್ನ ಹೆಸರೆಂದು ತಿಳಿಯುತ್ತದೆ. ಬಣ್ಣ, ಎತ್ತರ, ತೊದಲು ಹಿಡಿದು ಅಡ್ಡಹೆಸರಿಡಬೇಡಿರಿ. ನೆರೆಯ ಮಗುವಿನೊಡನೆ ಹೋಲಿಸಬೇಡಿರಿ. ಸಂಜೆ ಮನೆಗೆ ಬಂದ ಮಗುವನ್ನು "ಇಂದು ಏನು ಕಲಿತೆ?" ಎಂದಷ್ಟೇ ಕೇಳದೆ, "ಇಂದು ಯಾರಿಗೆ ಏನು ಕಲಿಸಿದೆ?" ಎಂದೂ ಕೇಳಿರಿ.