ಮೈಗೆ ಬಿದ್ದ ಗೀರಿಗೂ ಲೆಕ್ಕವಿದೆ

(ಸಂಘದ ಸಭೆಯಲ್ಲಿ ಆಡಿದ ಮಾತುಗಳು)



ಮುಂಬಯಿಯ ರಸ್ತೆಯಲ್ಲಿ ಚಹಾ ಹೊತ್ತು ಹೋಗುವ ನಮ್ಮ ಹುಡುಗರಿಗೆ ಮೋಟಾರು ತಗಲುವುದು ಹೊಸದಲ್ಲ. ಒಡೆಯನು ಇಳಿದು, "ದೊಡ್ಡದೇನಾಗಿಲ್ಲ" ಎಂದು ಐನೂರು ರೂಪಾಯಿ ಕೈಗಿಡುತ್ತಾನೆ. ಪೊಲೀಸರ ಗೋಜು ಬೇಡವೆಂದು ಹುಡುಗನೂ ತೆಗೆದುಕೊಳ್ಳುತ್ತಾನೆ. ಮಾರನೆಯ ದಿನ ಮಣಿಗಂಟು ಊದಿ ತಟ್ಟೆ ಎತ್ತಲಾಗದಿದ್ದಾಗ ಮೋಟಾರೂ ಇಲ್ಲ, ಒಡೆಯನೂ ಇಲ್ಲ.

ಮೋಟಾರಿನ ಗೀರನ್ನು ನೋಡಲು ವಿಮಾ ಕಂಪೆನಿಯ ಸರ್ವೇಯರ್ ಬರುತ್ತಾನೆ. ನಮ್ಮ ಮೈಯ ಗೀರಿಗೆ ನಾವೇ ಕಾಗದ ಮಾಡಿಸಬೇಕು. 1988ರ ಮೋಟಾರು ವಾಹನ ಕಾಯಿದೆಯಂತೆ ಖಾಸಗಿ ಮೋಟಾರಿಗೆ 'ಥರ್ಡ್ ಪಾರ್ಟಿ' ವಿಮೆ ಕಡ್ಡಾಯ. ಆ ಥರ್ಡ್ ಪಾರ್ಟಿ ಎಂದರೆ ದಾರಿಯಲ್ಲಿ ನಡೆಯುವ ನಾವೇ. ಪರಿಹಾರ ಕೇಳುವುದು ಭಿಕ್ಷೆಯಲ್ಲ.

ಆದ್ದರಿಂದ ಮೊದಲು ಗಾಡಿಯ ನಂಬರು ಬರೆದುಕೊಳ್ಳೋಣ. ಪೊಲೀಸ್ ಠಾಣೆಯಲ್ಲಿ ದೂರು ಬರೆಸೋಣ. ಕೆ.ಇ.ಎಂ. ಆಗಲಿ, ಸಾಯನ್ ಆಗಲಿ, ಆಸ್ಪತ್ರೆಗೆ ಹೋಗಿ ಪೆಟ್ಟಾದ ಬಗೆಯನ್ನು ಕೇಸ್‌ಪೇಪರಿನಲ್ಲಿ ಬರೆಸೋಣ. "ಬಿದ್ದೆ" ಎಂದಷ್ಟೇ ಹೇಳಿದರೆ ವಿಮೆಯವರು ಅದನ್ನೇ ಹಿಡಿದು ತಕರಾರು ತೆಗೆದಾರು. ಓದದ ಕಾಗದಕ್ಕೆ ಸಹಿ ಬೇಡ. ಕೆಲಸ ತಪ್ಪಿದ ದಿನಗಳ ಸಂಬಳವನ್ನೂ ಕೇಳಬಹುದು. ಅದಕ್ಕೆ ಸಂಬಳದ ಚೀಟಿ ಬೇಕು. ನಮ್ಮ ಅನೇಕರ ಬಳಿ ಅದೇ ಇಲ್ಲ. ಅಪಘಾತಕ್ಕೆ ಕಾಯದೆ ಮಾಲಕರಿಂದ ಇಂದೇ ಪಡೆಯೋಣ.

ಅರ್ಜಿ ಹಾಕುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ. 2022ರ ಏಪ್ರಿಲ್ 1ರಿಂದ ಜಾರಿಯಾದ ತಿದ್ದುಪಡಿ ಆರು ತಿಂಗಳ ಗಡುವು ಹಾಕಿದೆ. ಊರಿಗೆ ಹೋಗಿ ಬಂದು ನೋಡೋಣವೆಂದು ತಡಮಾಡುವುದು ಬೇಡ. ಪಾಳಿ ಮುಗಿದ ಮೇಲೆ ಕಾಗದಗಳನ್ನು ಸಂಘಕ್ಕೆ ತನ್ನಿ, ಕೂಡಿ ಓದೋಣ.